ಮೂರನೇ ಗುರುವಾರ ಕಳಿಸದ ಆರ್ಡರ್

"ಎದ್ದೇಳಿ ಸರ್. ಇದು ಮಲಗೋ ಜಾಗ ಅಲ್ಲ."

ಕಾರು ಶೋರೂಮಿನ ಸೇಲ್ಸ್ ಕೆಲಸದಲ್ಲಿದ್ದ ಅವಳು ಗ್ರಾಹಕರೊಬ್ಬರ ಮೇಲೆ ಇಷ್ಟು ಗಟ್ಟಿಯಾಗಿ ದನಿ ಎತ್ತಿದ್ದು ಅದೇ ಮೊದಲು. ಗಾಜಿನ ಬಾಗಿಲ ಹತ್ತಿರ ನಿಂತಿದ್ದ ಮ್ಯಾನೇಜರ್ ಕತ್ತು ಹೊರಳಿಸಿ ನೋಡಿದರು.

ಹೊಸ ರೂಪದ ಎಸ್‌ಯುವಿ ಶೋರೂಮಿಗೆ ಬಂದು ಇನ್ನೂ ನಾಲ್ಕು ದಿನವಾಗಿತ್ತು. ಮೂತಿ ಅಗಲವಾಗಿದೆ, ದೀಪಗಳು ಸಣ್ಣಗಾಗಿವೆ, ಒಳಗಿದ್ದ ಗುಂಡಿಗಳೆಲ್ಲ ಮಾಯವಾಗಿ ಈ ತುದಿಯಿಂದ ಆ ತುದಿಗೆ ಒಂದೇ ಪರದೆ ಬಂದಿದೆ. ಬಂದವರೆಲ್ಲ ಮೂತಿ ಸವರುತ್ತಾರೆ, ಪರದೆ ಒತ್ತುತ್ತಾರೆ, ಸ್ಟೀರಿಂಗ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಮನುಷ್ಯ ಅದ್ಯಾವುದನ್ನೂ ನೋಡದೆ ಡ್ರೈವರ್ ಪಕ್ಕದ ಬಾಗಿಲು ತೆಗೆದ, ಚಪ್ಪಲಿ ಬಿಚ್ಚಿ ಹೊರಗಿಟ್ಟ, ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿಕೊಂಡು ಕಣ್ಣು ಮುಚ್ಚಿಬಿಟ್ಟ.

ಅವಳ ಮಾತಿಗೆ ಕಣ್ಣು ತೆರೆದ. ಎಷ್ಟೋ ದಿನ ನಿದ್ದೆಗೆಟ್ಟ ಕಣ್ಣು.

"ಇದಕ್ಕಿಂತ ಹಿಂದಕ್ಕೆ ಹೋಗುತ್ತಾ?"

"ಇಲ್ಲ. ಕಾಲಾಸರೆ ಮೇಲೆ ಬಂದ್ರೆ ಹೆಚ್ಚೂಕಮ್ಮಿ ಹಾಸಿಗೆ ಥರಾನೇ. ಆದ್ರೆ ಈ ಸೀಟು ಆಪ್ಷನ್ ಸರ್, ಎಲ್ಲ ಗಾಡೀಲೂ ಬರಲ್ಲ."

"ಹಳ್ಳಕ್ಕೆ ಇಳಿದ್ರೆ ಸೊಂಟಕ್ಕೆ ಹೊಡೆಯುತ್ತಾ?"

ಶೋರೂಮಿನಲ್ಲಿ ಅವಳಿಗೆ 'ಬಾಯಿಪಾಠ' ಅಂತಲೇ ಹೆಸರು. ಐವತ್ತೆರಡು ಆಪ್ಷನ್‌ಗಳನ್ನು ಕಾಗದ ನೋಡದೆ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಈ ಪ್ರಶ್ನೆ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

"ಅದು... ನಾನು ಮಲಗಿ ನೋಡಿಲ್ಲ."

"ಹಾಗಾದ್ರೆ ಮಲಗಿದವರನ್ನ ಎಬ್ಬಿಸಬೇಡಿ," ಎಂದ ಅವನು.

ಬೈದ ಹಾಗಿರಲಿಲ್ಲ. ತುಟಿಯಲ್ಲಿ ಸಣ್ಣ ನಗುವೂ ಇತ್ತು. ಆದರೆ ಆ ನಗು ಕಣ್ಣಿನವರೆಗೆ ಬರಲಿಲ್ಲ, ಅದೇ ಅವಳಿಗೆ ಚುಚ್ಚಿತು. ಹೋಗಿ ಆರ್ಡರ್ ಫಾರ್ಮನ್ನೂ ಗಾಡಿಯ ಕೈಪುಸ್ತಕವನ್ನೂ ತಂದಳು.

ಗಾಡಿ ತನಗಲ್ಲ ಎಂದ. "ನಮ್ಮ ಮೇಡಂಗೆ. ನಾನು ಅವರ ಹತ್ತಿರ ಕೆಲಸ ಮಾಡೋನು." ಮೇಡಂ ಯಾರು, ಎಂಥವರು ಅಂತ ಹೇಳಲಿಲ್ಲ. ಒಂದು ಚೀಟಿ ತೆಗೆದು ಓದಿದ. ಸನ್‌ರೂಫ್, ಹಿಂದಿನ ಸೀಟಿಗೆ ಫ್ರಿಜ್, ಮರದ ಅಲಂಕಾರ, ಇಪ್ಪತ್ತಮೂರು ಸ್ಪೀಕರ್, ಹತ್ತುವವರಿಗಾಗಿ ತಾನೇ ಕೆಳಗಿಳಿಯುವ ಗಾಡಿ, ಮಲಗುವ ಸೀಟು.

"ಇಷ್ಟೆಲ್ಲ ಹಾಕಿಸಿದ್ರೆ ಹದಿನೆಂಟು ವಾರ ಆಗುತ್ತೆ," ಎಂದಳು.

ಅವನ ಮುಖ ಕಪ್ಪಿಟ್ಟಿತು. "ಕಡಿಮೆ ಮಾಡಿದ್ರೆ?"

"ಒಂದೊಂದು ಆಪ್ಷನ್ ತೆಗೆದ್ರೂ ಒಂದೆರಡು ವಾರ ಉಳಿಯುತ್ತೆ."

"ಮೇಡಂನ ಕೇಳ್ಕೊಂಡು ಬರ್ತೀನಿ," ಎಂದು ಕೈಪುಸ್ತಕ ಎತ್ತಿಕೊಂಡು ಎದ್ದ.

ಅದು ಗುರುವಾರ.

*

ಮುಂದಿನ ಗುರುವಾರ ಬಂದ. ಸನ್‌ರೂಫ್ ಹೊಡೆದುಹಾಕಿಸಿದ. "ಫ್ರಿಜ್ಜೂ ಬೇಡವಂತೆ. ನೀರು ತಣ್ಣಗಾದ್ರೆ ನೆಗಡಿಯಂತೆ."

ಅವಳಿಗೆ ನಗು ಬಂತು. ಈ ಮೇಡಂ ಯಾರೋ ಬಲು ಚಂಚಲೆ! ಉಗುರಿಗೆ ಬಣ್ಣ ಹಚ್ಚಿಕೊಂಡು ಸೋಫಾದ ಮೇಲೆ ಕೂತು, ಇವತ್ತು ಬೇಕು ನಾಳೆ ಬೇಡ ಅಂತ ಕೆಲಸದವನನ್ನು ಓಡಾಡಿಸುವ ಹೆಂಗಸು. ಪಾಪ, ಇವನ ಕಣ್ಣು ಹೀಗಾಗಿರುವುದು ಆಕೆಯ ಕಾಟಕ್ಕೇ ಇರಬೇಕು. ಹಾಗಂತ ಅವಳೇ ಅಂದುಕೊಂಡಳು. ಯಾರೂ ಹೇಳಿದ್ದಲ್ಲ.

ಕಾಫಿ ತರಿಸಿದಳು. ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಆರುವವರೆಗೂ ಕುಡಿಯದೆ, ಅವಳು ಹೇಳುವುದನ್ನೇ ಕೇಳುತ್ತಿದ್ದ. ಪರದೆ, ಕ್ಯಾಮೆರಾ, ಬಾಗಿಲೊಳಗಿನ ಬಣ್ಣದ ದೀಪ... ಮಿಕ್ಕ ಗ್ರಾಹಕರು ಅರ್ಧಕ್ಕೇ ಫೋನ್ ತೆಗೆಯುತ್ತಾರೆ. ಇವನು ತೆಗೆಯಲಿಲ್ಲ.

"ಗುರುವಾರ ಮಾತ್ರ ನಿನ್ನ ಕೋಟಿಗೆ ಇಸ್ತ್ರಿ ಆಗುತ್ತಲ್ಲ," ಎಂದು ಮನೆಯಲ್ಲಿ ಅತ್ತಿಗೆ ಕೆಣಕಿದಳು. "ಯಾವ ದೇವರ ವ್ರತ?"

"ಸುಮ್ನಿರಿ ಅತ್ತಿಗೆ."

"ನಿಮ್ಮಣ್ಣನಿಗೆ ಹೇಳ್ಲಾ?"

"ಹೇಳೋಕೆ ಏನಿದೆ... ಏನೂ ಇಲ್ಲ."

ಮೂರನೇ ಗುರುವಾರ ಮರವೂ ಹೋಯಿತು, ಸ್ಪೀಕರೂ ಹೋಯಿತು. ಅವಳು ಕಂಪ್ಯೂಟರಿನಲ್ಲಿ ನೋಡಿದಳು. ಅದೃಷ್ಟಕ್ಕೆ, ಇದೇ ಸೀಟಿನ ಗಾಡಿಯೊಂದು ಕಾರ್ಖಾನೆಯಲ್ಲಿ ಆಗಲೇ ತಯಾರಾಗುತ್ತಿತ್ತು. ಇವತ್ತೇ ಆರ್ಡರ್ ಕಳಿಸಿದರೆ ಅದು ಇವರಿಗೆ.

"ಐದು ವಾರದಲ್ಲಿ ಬರುತ್ತೆ!" ಎಂದಳು.

ಅವನು ಫಾರ್ಮನ್ನು ಅವಳ ಕಡೆಗೆ ಸರಿಸಿದ. ಆಮೇಲೆ, "ಕಳಿಸಿಬಿಡಿ. ಇನ್ನೇನೂ ಬದಲಾಯಿಸಲ್ಲ," ಎಂದ. ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಇನ್ನು ನಾನು ಬರೋ ಕೆಲಸ ಇರಲ್ಲ, ಅಲ್ವಾ?"



ಕಳಿಸಿದ ಆರ್ಡರ್ ಕಲ್ಲಿನಲ್ಲಿ ಕೆತ್ತಿದ ಹಾಗೆ, ಆಮೇಲೆ ಒಂದು ಮೊಳೆಯನ್ನೂ ಬದಲಾಯಿಸುವಂತಿಲ್ಲ. ಇದು ಶೋರೂಮಿನ ಮೊದಲ ಪಾಠ. ಅದನ್ನು ಹೊಸಬರಿಗೆ ಕಲಿಸುತ್ತಿದ್ದವಳೂ ಅವಳೇ.

"ಹಾಗೇನಿಲ್ಲ," ಎಂದಳು. "ಕಳಿಸಿದ ಮೇಲೂ ಚಿಕ್ಕಪುಟ್ಟದ್ದು ಬದಲಾಯಿಸಬಹುದು."

ಅವನು ಹೋದ ಮೇಲೆ 'ಕಳಿಸು' ಎಂಬ ಗುಂಡಿಯ ಮುಂದೆ ಕೂತಳು. *ಆ ಮೇಡಂ ಹೇಗಿದ್ರೂ ಮತ್ತೆ ಮನಸ್ಸು ಬದಲಾಯಿಸ್ತಾಳೆ. ಒಂದು ವಾರ ನೋಡೋಣ. ಮಹಾರಾಣಿ ಒಂದು ವಾರ ಕಾದ್ರೆ ಏನು ಗಂಟು ಹೋಗುತ್ತೆ...*

ಗುಂಡಿ ಒತ್ತಲಿಲ್ಲ.

ನಾಲ್ಕನೇ ಗುರುವಾರ ಅವನು ಬಂದೇ ಬಂದ. "ಮ್ಯಾಟಿನ ಬಣ್ಣ ಬದಲಾಯಿಸೋಕಾಗುತ್ತಾ ಅಂತ ಕೇಳಿದ್ರು ಮೇಡಂ."

"ಆಗುತ್ತೆ," ಎಂದಳು. ನೋಡಿದ್ಯಾ, ನಾನು ಹೇಳಲಿಲ್ವಾ, ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಐದನೇ ಗುರುವಾರ ಸೀಟಿನ ಹೊಲಿಗೆಯ ದಾರ. ಆರನೇ ಗುರುವಾರ ಪರಿಮಳದ ಶೀಶೆ. ಅಷ್ಟರಲ್ಲಿ ಕಾರ್ಖಾನೆಯಲ್ಲಿದ್ದ ಆ ಗಾಡಿ ಬೇರೆ ಯಾರದೋ ಹೆಸರಿಗೆ ಹೋಯಿತು. ಅವಳಿಗೆ ಅದು ಕಂಪ್ಯೂಟರಿನಲ್ಲಿ ಕಂಡಿತು. ಗಾಡಿ ತರುವ ಹಡಗು ತಡವಾಯಿತು ಅಂದರಾಯಿತು, ಎಲ್ಲ ಗ್ರಾಹಕರಿಗೂ ಹೇಳುವ ಮಾತು ತಾನೇ, ಎಂದುಕೊಂಡಳು.

ಏಳನೇ ಗುರುವಾರ ಅವನು ಬರಲಿಲ್ಲ.

*

ಸೋಮವಾರ ಮಧ್ಯಾಹ್ನ ಬಂದ. ಗಡ್ಡ ಬೆಳೆದಿತ್ತು. ಕೂರಲಿಲ್ಲ.

"ಐದು ವಾರ ಅಂದಿದ್ರಲ್ಲ, ಈ ವಾರ ಬರಬೇಕು. ಗುರುವಾರಾನಾ, ಶುಕ್ರವಾರಾನಾ? ಒಂದು ದಿನ ಮೊದಲೇ ಹೇಳಿದ್ರೆ ನರ್ಸನ್ನ ಒಪ್ಪಿಸ್ಕೋತೀನಿ."

"ನರ್ಸ್ ಯಾಕೆ?" ಎಂದಳು ಅವಳು.

"ಹೇಳಬೇಡ ಅಂದಿದ್ರು. ಕಾಯಿಲೆ ಅಂತ ಹೇಳಿ ಕಾರು ತರಬೇಡ, ಎಲ್ಲರ ಹಾಗೆ ಸರದಿಯಲ್ಲಿ ತಗೊಂಡು ಬಾ ಅಂತ... ಮೇಡಂಗೆ ಮೂಳೆ ಕ್ಯಾನ್ಸರ್. ಕೂರೋಕಾಗಲ್ಲ. ಅದಕ್ಕೇ ಆ ಸೀಟು."

ಹೇಳುತ್ತಾ ಹೋದ. ಮೇಡಂ ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವರು. ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವರು. ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದ ಇವನನ್ನು ನಾಲ್ಕನೇ ಸಲ ಪಾಸು ಮಾಡಿಸಿ, ಅಲ್ಲೇ ಕೆಲಸ ಕೊಟ್ಟು, ಹಿಂದಿನ ಕೋಣೆ ಕೊಟ್ಟವರು. ಮೂವತ್ತು ವರ್ಷ ಸಣ್ಣ ಡಬ್ಬದಂಥ ಕಾರುಗಳಲ್ಲಿ, ಕಲಿಯುವವರ ಪಕ್ಕದಲ್ಲಿ, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕೂತವರು.

"ಒಂದೇ ಒಂದು ಸಲ ಕಾಲಡಿ ಬ್ರೇಕ್ ಇಲ್ಲದ ಗಾಡೀಲಿ, ಹಾಯಾಗಿ ಒರಗಿಕೊಂಡು ಹೋಗಬೇಕು ಅಂತ ಆಸೆ ಅವರಿಗೆ. ಡಾಕ್ಟರ್ ಹತ್ತು ದಿನ ಅಂದಿದ್ದಾರೆ. ಈ ವಾರ ಬಂದ್ರೆ ಸಾಕು... ಹೇಳಿ, ಯಾವತ್ತು?"

ಹಡಗಿನ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟಿದ್ದರೆ ಅವನು ನಂಬುತ್ತಿದ್ದ.

"ನಾನು ಆರ್ಡರ್ ಕಳಿಸಿಲ್ಲ," ಎಂದಳು.

"ಏನು?"

"ಮೂರನೇ ಗುರುವಾರ ಕಳಿಸಲಿಲ್ಲ. ಕಳಿಸಿದ್ರೆ... ನೀವು ಮತ್ತೆ ಬರಲ್ಲ ಅಂತ. ಈಗ ಕಳಿಸಿದ್ರೆ ಹನ್ನೊಂದು ವಾರ."

ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಮೇಜಿನ ಮೇಲಿದ್ದ ಫಾರ್ಮ್ ಎತ್ತಿಕೊಂಡು, ತಾನು ಹೊಡೆದುಹಾಕಿಸಿದ ಗೆರೆಗಳನ್ನೆಲ್ಲ ಒಂದೊಂದಾಗಿ ನೋಡಿ, ಮತ್ತೆ ಅಲ್ಲೇ ಇಟ್ಟು ಹೊರಟುಹೋದ. ಅವಳು ಕಂಪ್ಯೂಟರಿನ ಕಡೆ ತಿರುಗಿ, ಆ ಗುಂಡಿ ಒತ್ತಿದಳು.

*

ಮಂಗಳವಾರ ಮ್ಯಾನೇಜರ್ ಹೆಡ್ ಆಫೀಸಿಗೆ ಹೋಗುವ ದಿನ. ಅವಳು ಬೆಳಗ್ಗೆಯೇ ವರ್ಕ್‌ಶಾಪಿನ ಮೇಸ್ತ್ರಿಯ ಮುಂದೆ ನಿಂತಳು. ಮಲಗುವ ಸೀಟು ಇದ್ದದ್ದು ಪ್ರದರ್ಶನಕ್ಕೆ ನಿಲ್ಲಿಸಿದ ಗಾಡಿಯಲ್ಲಿ, ಅದಕ್ಕೆ ನಂಬರ್ ಇಲ್ಲ, ರಸ್ತೆಗೆ ಇಳಿಯುವಂತಿಲ್ಲ. ರಸ್ತೆಗೆ ಇಳಿಯುವ ಟೆಸ್ಟ್ ಡ್ರೈವ್ ಗಾಡಿಯಲ್ಲಿ ಮಾಮೂಲಿ ಸೀಟು.

"ಇದರ ಸೀಟು ಬಿಚ್ಚಿ ಅದಕ್ಕೆ ಹಾಕೋಕಾಗುತ್ತಾ?"

"ನಾಲ್ಕು ಬೋಲ್ಟು, ಒಂದು ಪ್ಲಗ್ಗು," ಎಂದರು ಮೇಸ್ತ್ರಿ. "ಆಗುತ್ತೆ. ನಿನ್ನ ಕೆಲಸ ಹೋಗುತ್ತೆ, ಅಷ್ಟೇ. ಯಾರಿಗೆ ಇದು?"

ಹೇಳಿದಳು. ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯಿಂದ ಸುಮ್ಮನೆ ಬೆರಳು ಒರೆಸುತ್ತಾ ನಿಂತರು. "ನನಗೆ ಲೈಸೆನ್ಸ್ ಕೊಡಿಸಿದ್ದೂ ಅವರೇ ಕಣಮ್ಮ. ಕ್ಲಚ್ ಬಿಡೋದು ತಡ ಆದ್ರೆ ತೊಡೆಗೆ ಸ್ಕೇಲಲ್ಲಿ ಹೊಡೀತಿದ್ರು." ಸ್ಪ್ಯಾನರ್ ಎತ್ತಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಓಡಿಸಿಕೊಂಡು ಬಂದ ಗಾಡಿ ಡ್ರೈವಿಂಗ್ ಸ್ಕೂಲಿನ ಮುಂದೆ ನಿಂತಿತ್ತು. ಒಳಗೆ, ಗೋಡೆ ತುಂಬ ರಸ್ತೆ ಚಿಹ್ನೆಗಳ ಪಟ. ಅದರಾಚೆಯ ಕೋಣೆಯಲ್ಲಿ ಮಂಚ, ಔಷಧಿಯ ವಾಸನೆ. ಬಾಗಿಲಲ್ಲಿ ಅವನು ಅಡ್ಡ ನಿಂತ.

"ಯಾಕೆ ಬಂದ್ರಿ?"

"ಸೀಟು ತಂದಿದ್ದೀನಿ. ಗಾಡೀನೂ ಇದೆ. ಈಗಲೇ ಕರ್ಕೊಂಡು ಹೋಗೋಣ, ನಿಧಾನಕ್ಕೆ..."

ಅವನು ಕೋಪದಿಂದಲ್ಲ, ಸೋತವನ ಹಾಗೆ ತಲೆಯಾಡಿಸಿದ. "ಇವತ್ತು ಬೆಳಗ್ಗೆ ಮಗ್ಗುಲು ಬದಲಾಯಿಸೋಕೆ ಹೋದ್ವಿ. ಕಿರುಚಿಕೊಂಡ್ರು. ಎತ್ತಬೇಡಿ ಅಂದ್ರು ನರ್ಸ್. ಹೋದ ವಾರ ಆಗಿದ್ರೆ ಆಗ್ತಿತ್ತು."

ನಾಲ್ಕು ಬೋಲ್ಟು ಬಿಚ್ಚಿ ತಂದರೆ ಸರಿಹೋಗುವಂಥ ತಪ್ಪು ಅಂತ ಅವಳು ಬೆಳಗ್ಗೆಯಿಂದ ನಂಬಿಕೊಂಡಿದ್ದಳು.

"ಯಾರೋ ಅದು?" ಒಳಗಿನಿಂದ ದನಿ ಬಂತು. ಸಣ್ಣ ದನಿ, ಆದರೂ ಮೇಷ್ಟ್ರ ಗತ್ತು. "ಬಾಯಿಪಾಠದವಳಾ? ಒಳಗೆ ಕಳ್ಸು."

ಹಾಸಿಗೆಯ ಮೇಲೆ ಮೇಡಂ ಒಂದು ಹಿಡಿಯಷ್ಟಾಗಿದ್ದರು. ಉಗುರಿಗೆ ಬಣ್ಣವಿರಲಿಲ್ಲ. ಕಿಟಕಿಯಿಂದ ಗಾಡಿಯ ಅಗಲ ಮೂತಿ ಕಾಣುತ್ತಿತ್ತು. ಅದನ್ನು ನೋಡಿದರು, ಅವಳನ್ನು ನೋಡಿದರು.

"ಮ್ಯಾಟಿನ ಬಣ್ಣ ಬದಲಾಯ್ತಾ?" ಎಂದು ಕೇಳಿ, ನಕ್ಕರು. ಆ ನಗು ಅವಳಿಗೆ ಅರ್ಥವಾಗಲಿಲ್ಲ.

"ಮೇಡಂ, ನಾನು ತಪ್ಪು..."

"ಅದಿರಲಿ. ಐವತ್ತೆರಡೂ ಬಾಯಿಗೆ ಬರುತ್ತಂತಲ್ಲ. ಹೇಳು ನೋಡೋಣ. ಬಾಗಿಲಿಂದ ಶುರು ಮಾಡು."

ಅವಳು ಮಂಚದ ಪಕ್ಕ ಮೊಣಕಾಲೂರಿ ಕೂತಳು. ಶುರು ಮಾಡಿದಳು.

"ಕೀ ಹತ್ತಿರ ಬಂದ್ರೆ ಬಾಗಿಲ ಹಿಡಿಕೆ ತಾನಾಗೇ ಹೊರಗೆ ಬರುತ್ತೆ ಮೇಡಂ. ಹತ್ತೋಕೆ ಸುಲಭ ಆಗ್ಲಿ ಅಂತ ಗಾಡಿ ನಾಲ್ಕು ಬೆರಳು ಕೆಳಗಿಳಿಯುತ್ತೆ."

"ನನಗೆ ಬಗ್ಗಿ ನಮಸ್ಕಾರ ಮಾಡುತ್ತೆ ಅನ್ನು."

"ಹೌದು. ಈಗ ನೀವು ಹತ್ತಿದ್ರಿ. ಬೆನ್ನು ಹಿಂದಕ್ಕೆ ಹೋಗುತ್ತೆ, ಕಾಲಾಸರೆ ಮೇಲೆ ಬರುತ್ತೆ. ಸೀಟಲ್ಲಿ ಸಣ್ಣ ಗಾಳಿ ಇದೆ, ಬೆನ್ನು ಬೆವರಲ್ಲ."

"ಹೂಂ... ಹೊರಡು ಕಣೋ," ಎಂದರು ಮೇಡಂ, ಕಣ್ಣು ಮುಚ್ಚಿಕೊಂಡು.

ಮಂಚದ ಕಾಲ ಕಡೆ ನಿಂತಿದ್ದ ಅವನು ಗಾಳಿಯಲ್ಲೇ ಸ್ಟೀರಿಂಗ್ ಹಿಡಿದ. ಆಮೇಲೆ, "ಹೊರಟೆ ಮೇಡಂ," ಎಂದ.

"ಎರಡು ಪದರದ ಗಾಜು. ಹೊರಗಿನ ಹಾರ್ನ್ ಕೇಳಿಸಲ್ಲ," ಎಂದಳು ಅವಳು.

"ಹಾರ್ನ್ ಕೇಳಿಸದ ರಸ್ತೆ... ಎಷ್ಟು ವರ್ಷ ಆಯ್ತಪ್ಪ."

"ಮುಂದಿನ ಹಳ್ಳ ಗಾಡಿಗೆ ಮೊದಲೇ ಕಾಣುತ್ತೆ. ಅದಕ್ಕೆ ತಕ್ಕ ಹಾಗೆ ಸ್ಪ್ರಿಂಗ್ ಮೆತ್ತಗಾಗುತ್ತೆ. ಸೊಂಟಕ್ಕೆ ಹೊಡೆಯಲ್ಲ. ಈಗ ಬರ್ತಾ ದಾರೀಲಿ ನಾನೇ ಮಲಗಿ ನೋಡಿದೆ."

"ತಿರುವು ಬಂತು. ನಿಧಾನ."

"ನಿಧಾನಾನೇ ಹೋಗ್ತಿದ್ದೀನಿ ಮೇಡಂ," ಎಂದ ಅವನು.

ಹೊದಿಕೆಯ ಕೆಳಗೆ ಮೇಡಂನ ಬಲಗಾಲು ಮೆಲ್ಲಗೆ ಮುಂದಕ್ಕೆ ಸರಿದು ಏನನ್ನೋ ಒತ್ತಿತು. ಇಬ್ಬರೂ ಅದನ್ನು ನೋಡಿದರು. ಅವಳು ಪಟ್ಟಿ ನಿಲ್ಲಿಸಲಿಲ್ಲ. ಹೊಡೆದುಹಾಕಿದ ಸನ್‌ರೂಫನ್ನೂ, ಮರವನ್ನೂ, ಇಪ್ಪತ್ತಮೂರು ಸ್ಪೀಕರನ್ನೂ ಸೇರಿಸಿ ಐವತ್ತೆರಡನ್ನೂ ಹೇಳಿ ಮುಗಿಸಿದಳು. ಅಷ್ಟರಲ್ಲಿ ಮೇಡಂಗೆ ನಿದ್ದೆ ಹತ್ತಿತ್ತು.

ಹೊರಗೆ ಬಂದಾಗ ಅವನು ಅವಳ ಮುಖ ನೋಡದೆ ಹೇಳಿದ. "ಸೀಟು ವಾಪಸ್ ತಗೊಂಡು ಹೋಗಿ."

ಗುರುವಾರ ಮೇಡಂ ತೀರಿಕೊಂಡರು. ಮೇಸ್ತ್ರಿ ಹೇಳಿದರು ಅವಳಿಗೆ.

*

ಕೆಲಸ ಹೋಗಲಿಲ್ಲ, ಆದರೆ ಮ್ಯಾನೇಜರ್ ಅವಳನ್ನು ನೆಲಮಾಳಿಗೆಯ ಬಿಡಿಭಾಗಗಳ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿಯಿಲ್ಲ. ಮ್ಯಾಟು, ಹಿಡಿಕೆ, ಬಲ್ಬುಗಳ ಡಬ್ಬಿಗೆ ಚೀಟಿ ಅಂಟಿಸುವುದು ಕೆಲಸ. ಕೋಟಿಗೆ ಇಸ್ತ್ರಿ ನಿಂತುಹೋಯಿತು. ಅತ್ತಿಗೆಯೂ ಕೆಣಕುವುದನ್ನು ಬಿಟ್ಟಳು. ತಾನೇ ಇಸ್ತ್ರಿ ಮಾಡಿ ನೇತುಹಾಕಿ, ಏನೂ ಕೇಳದೆ ಹೋಗುತ್ತಿದ್ದಳು.

ಒಮ್ಮೆಯೂ ಅವನಿಗೆ ಫೋನ್ ಮಾಡಲಿಲ್ಲ ಅವಳು. ಏನಂತ ಮಾಡುವುದು? ಕ್ಷಮಿಸಿ ಅನ್ನಬೇಕಾದವರು ಹೋಗಿಯಾಗಿತ್ತು.

ಹನ್ನೊಂದು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಸ್ತ್ರಿ ಮೆಟ್ಟಿಲ ಮೇಲಿಂದ ಕೂಗಿದರು. "ಮೇಲೆ ಬಾರಮ್ಮ. ಗಾಡಿ ಬಂದಿದೆ. ಮೇಡಂ ಹೋಗೋ ಮೊದಲೇ ಅದನ್ನ ಅವನ ಹೆಸರಿಗೆ ಬರೆದಿಟ್ಟಿದ್ರಂತೆ. ಬಾಯಿಪಾಠದವರು ಹೇಳಿಕೊಟ್ರೇ ಕೀ ತಗೋತೀನಿ ಅಂತ ಕೂತಿದ್ದಾನೆ."

ಕ್ಯಾಲೆಂಡರ್ ನೋಡಿದಳು. ಗುರುವಾರ.

ಅವನು ಡ್ರೈವರ್ ಸೀಟಿನಲ್ಲಿದ್ದ. ಪಕ್ಕದ ಬಾಗಿಲು ತೆರೆದಿತ್ತು. ಅವಳು ಹೊರಗೇ ನಿಂತು, ಕಣ್ಣು ನೆಲಕ್ಕೆ ನೆಟ್ಟು ಶುರು ಮಾಡಿದಳು.

"ಕೀ ಹತ್ತಿರ ಬಂದ್ರೆ ಬಾಗಿಲ ಹಿಡಿಕೆ ತಾನಾಗೇ..."

"ಅದು ಕೇಳಿದ್ದೀನಿ," ಎಂದ. "ಕೂತ್ಕೊಳ್ಳಿ. ಇದನ್ನ ಓದಿ."

ಗಾಡಿಯ ಕೈಪುಸ್ತಕ. ಮೊದಲ ದಿನ ಅವಳೇ ಕೊಟ್ಟಿದ್ದು. "ಮೊನ್ನೆ ಅವರ ದಿಂಬು, ಹಾಸಿಗೆ ತೆಗೆಯುವಾಗ ಸಿಕ್ತು," ಎಂದ ಅವನು.

ಕೊನೆಯ ಪುಟದಲ್ಲಿ ಪೆನ್ಸಿಲಿನ ಅಕ್ಷರ, ಎಲ್ಲ ಒಂದೇ ದಿನ ಕೂತು ಬರೆದದ್ದು. *ಎರಡನೇ ಗುರುವಾರ: ಸನ್‌ರೂಫ್, ಫ್ರಿಜ್. ಮೂರನೇ ಗುರುವಾರ: ಮರ, ಸ್ಪೀಕರ್. ಕಳಿಸಿಬಿಡು ಅನ್ನಬೇಕು. ನಾಲ್ಕನೇ ಗುರುವಾರ: ಮ್ಯಾಟ್ ಬದಲಾಯಿಸೋಕಾಗುತ್ತಾ ಅಂತ ಕೇಳಿಸಬೇಕು.*

ಅದರ ಕೆಳಗೆ, ಸಣ್ಣಗೆ:

*ಆಗಲ್ಲ ಅಂದರೆ ಕಾರು ಬರುತ್ತೆ. ಆಗುತ್ತೆ ಅಂದರೆ ಹುಡುಗಿ ಬರ್ತಾಳೆ.*

ಅವಳು ಎರಡು ಸಲ ಓದಿದಳು. ಮೂರನೇ ಸಲ ಅಕ್ಷರ ಕಾಣಲಿಲ್ಲ.

"ಮೊದಲ ದಿನ ಮನೆಗೆ ಹೋಗಿ ನಿಮ್ಮ ಮಾತೇ ಆಡ್ತಿದ್ದೆ, ಅವತ್ತೇ ಬರೆದಿರಬೇಕು. ಮೂವತ್ತು ವರ್ಷ ಸ್ಕೂಲಿಗೆ ಕಾರು ಕೊಂಡವರು ಅವರು," ಎಂದ ಅವನು. "ಕಳಿಸಿದ ಆರ್ಡರ್ ಬದಲಾಗಲ್ಲ ಅಂತ ಅವರಿಗೆ ಗೊತ್ತಿರಲ್ವಾ? ನೀವು ಆಗುತ್ತೆ ಅಂದಿದ್ದನ್ನ ನಾನು ಬಂದು ಹೇಳಿದ ದಿನ ಮನೆ ಹಾರಿಹೋಗೋ ಹಾಗೆ ನಕ್ಕರು. ಯಾಕೆ ಅಂತ ಗೊತ್ತಾಗಿರಲಿಲ್ಲ. ಒಂದು ಫೋನ್ ಮಾಡಿ ಕಳಿಸಮ್ಮ ಅಂದಿದ್ರೆ ಅವರ ಗಾಡಿ ಬರ್ತಿತ್ತು. ಮಾಡಲಿಲ್ಲ."

"ಇಲ್ಲೇನೇ ಬರೆದಿದ್ರೂ ನಾನು ಮಾಡಿದ್ದು ತಪ್ಪೇ."

"ತಪ್ಪೇ. ನನಗೆ ಸಿಟ್ಟು ಪೂರ್ತಿ ಹೋಗಿಲ್ಲ." ಅವನು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟ. "ಆದ್ರೆ ಮ್ಯಾಟಿನ ಬಣ್ಣ ಫೋನಲ್ಲಿ ಹೇಳಬಹುದಿತ್ತಲ್ವಾ? ದಾರದ ಬಣ್ಣಕ್ಕೆ ಎರಡು ಬಸ್ ಹತ್ತಿ ಯಾರು ಬರ್ತಾರೆ? ಅವರಿಗೆ ನೋವಾಗ್ತಿದ್ದಾಗ, ನಾನು ಗುರುವಾರ ಯಾವಾಗ ಬರುತ್ತೆ ಅಂತ ಕಾಯ್ತಿದ್ದೆ. ನನ್ನ ಮೇಲಿನ ಆ ಸಿಟ್ಟನ್ನೂ ನಿಮ್ಮ ಮೇಲೇ ಹಾಕಿದ್ದೆ."

ಅವಳು ಅಳುತ್ತಿದ್ದಳು. ಅವನೂ.

"ಒಂದು ಸುತ್ತು ಹೋಗೋಣ," ಎಂದ ಕಡೆಗೆ. "ಅವರ ಸೀಟಲ್ಲಿ ಕೂತ್ಕೋ."

ಕೂತ್ಕೋ ಎಂದ. ಕೂತ್ಕೊಳ್ಳಿ ಅನ್ನಲಿಲ್ಲ. ಅವಳು ಬಾಗಿಲೆಳೆದುಕೊಂಡಳು.

ಗಾಡಿ ಸದ್ದಿಲ್ಲದೆ ರಸ್ತೆಗಿಳಿಯಿತು. ಮೊದಲ ತಿರುವಿನಲ್ಲಿ, ಅವಳಿಗೇ ಗೊತ್ತಿಲ್ಲದೆ, ಬಲಗಾಲು ಮುಂದಕ್ಕೆ ಸರಿದು ಖಾಲಿ ನೆಲವನ್ನು ಒತ್ತಿತು. ಅವನು ನೋಡಿದ. ವೇಗ ತಗ್ಗಿಸಿದ.

"ಅಲ್ಲಿ ಬ್ರೇಕ್ ಇಲ್ಲ," ಎಂದ ಮೆಲ್ಲಗೆ.

"ಹಾಕಿಸಬಹುದು. ಮೇಸ್ತ್ರಿ ಹಾಕಿಕೊಡ್ತಾರೆ."

"ಆರ್ಡರ್ ಕಳಿಸಿ ಆಗಿದೆಯಲ್ಲ?"

ಅವಳು ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ಕಳಿಸಿದ ಮೇಲೂ ಚಿಕ್ಕಪುಟ್ಟದ್ದು ಬದಲಾಯಿಸಬಹುದು."